ಸೀಟಿ ಊದಿದವನ ಬೆನ್ನಿಗೆ ಯಾರು?

ಮೆಹದಿಪಟ್ಟಣಂನ ನಮ್ಮ ಗಲ್ಲಿಯಲ್ಲಿ ಕಲಬುರಗಿ, ಬೀದರ್ ಕಡೆಯಿಂದ ಬಂದು ನೆಲೆಸಿದ ಮನೆಗಳಿವೆ. ಸಂಜೆ ಆ ಮಕ್ಕಳಿಗೆ ಕನ್ನಡ, ಉರ್ದು ಎರಡನ್ನೂ ಹೇಳಿಕೊಡುತ್ತೇನೆ. ಒಮ್ಮೆ ಒಬ್ಬ ಹುಡುಗ, "ಸರ್, ವಿಶಲ್ ಬ್ಲೋವರ್‌ಗೆ ಉರ್ದುದಾಗ ಏನಂತಾರ?" ಅಂತ ಕೇಳಿದ. ಬಾಯಿಗೆ ಥಟ್ಟನೆ ಬಂದದ್ದು 'ಮುಖ್‌ಬಿರ್'. ಹೇಳಿದ ಮೇಲೆ ನಾಚಿಕೆಯಾಯಿತು. ಮುಖ್‌ಬಿರ್ ಅಂದರೆ ಪೊಲೀಸರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವವನು. ಕನ್ನಡದಲ್ಲಿ ಹುಡುಕಿದರೆ 'ಚಾಡಿಕೋರ' ಸಿಗುತ್ತದೆ. ನೋಡಿ, ಎರಡೂ ಭಾಷೆಯಲ್ಲಿ ಬೈಗುಳವೇ ಮುಂದೆ ನಿಂತಿದೆ!

ಅವನಿಗೆ ಪದದ ಬದಲು ಒಬ್ಬ ಹೆಣ್ಣುಮಗಳ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಬೆಂಗಳೂರಿನ ಜೆ.ಎನ್. ಜಯಶ್ರೀ ಅವರ ಪತಿ ಎಂ.ಎನ್. ವಿಜಯಕುಮಾರ್ ಕರ್ನಾಟಕದ ಐ.ಎ.ಎಸ್. ಅಧಿಕಾರಿಯಾಗಿದ್ದರು. ಇಲಾಖೆಗಳೊಳಗಿನ ಭ್ರಷ್ಟಾಚಾರದ ಬಗ್ಗೆ ಮೇಲಿನವರಿಗೆ ಬರೆಯುತ್ತಾ ಹೋದರು. ವರ್ಗಾವಣೆಗಳು ಒಂದರ ಹಿಂದೆ ಒಂದು ಬಂದವು. ವರ್ಗಾವಣೆಯನ್ನಾದರೂ ಸಹಿಸಬಹುದು, ಜಯಶ್ರೀಯವರಿಗೆ ಹೆದರಿಕೆ ಇದ್ದದ್ದು ಗಂಡನ ಜೀವದ್ದು.

ಹೆದರಿಕೆಗೆ ಕಾರಣವಿತ್ತು. ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ತನ್ನ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಗುಟ್ಟು ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಎರಡು ವರ್ಷ ಕಳೆದು, 2005ರ ನವೆಂಬರ್ 19ರಂದು, ನಮ್ಮ ಕೋಲಾರದ ಕೆ.ಜಿ.ಎಫ್.ನ ಹುಡುಗ ಎಸ್. ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು. ಇಂಡಿಯನ್ ಆಯಿಲ್ ಅಧಿಕಾರಿ, ವಯಸ್ಸು 27. ಕಲಬೆರಕೆ ತೈಲ ಮಾರುತ್ತಿದ್ದ ಪೆಟ್ರೋಲ್ ಬಂಕ್‌ಗೆ ಬೀಗ ಹಾಕಿಸಿದ್ದೇ ಅವರ ತಪ್ಪು.

ದುಬೆಯವರ ಪತ್ರದ ಗತಿ ನೋಡಿದರೆ ಜಯಶ್ರೀಯವರ ಲೆಕ್ಕ ಅರ್ಥವಾಗುತ್ತದೆ. ಗುಟ್ಟು ಕಾಯದಿದ್ದರೆ ಬಹಿರಂಗವಾದರೂ ಕಾಯಲಿ. 2007ರಲ್ಲಿ ಅವರು ಅಂತರ್ಜಾಲದಲ್ಲಿ ಒಂದು ತಾಣ ತೆರೆದು ಗಂಡನ ಹೋರಾಟವನ್ನು ಜಗತ್ತಿನ ಮುಂದಿಟ್ಟರು. ಎಲ್ಲರಿಗೂ ಪರಿಚಯವಾದ ಮನುಷ್ಯನನ್ನು ಸದ್ದಿಲ್ಲದೆ ಮುಗಿಸುವುದು ಕಷ್ಟ, ಜನರೇ ಕೋಟೆಯಾಗಲಿ ಎಂಬ ಆಲೋಚನೆ. ವಿದೇಶದ ಪತ್ರಿಕೆಗಳೂ ಬರೆದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೇವೆಯಲ್ಲಿರುವ ಅಧಿಕಾರಿ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದೆಂದು ನಡತೆ ನಿಯಮಗಳಿವೆ. ಹೆಂಡತಿಗೆ ಅವು ಅನ್ವಯಿಸುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯಂತೂ ಯಾವುದೇ ನಾಗರಿಕರದ್ದು. ಅದು ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ, ಜೀವದ ಪ್ರಶ್ನೆಯಾದರೆ 48 ಗಂಟೆ. ಗಂಡ ಬಾಯಿ ಬಿಡಲಾಗದ ಕಡೆ ಹೆಂಡತಿ ಅರ್ಜಿ ಹಾಕುತ್ತಾ ಕೂತರು. ಒಂದಲ್ಲ, ಎರಡಲ್ಲ. ಅಧಿಕಾರಿಗಳ ಹೆಸರು ಊರಿಗೇ ಉಳಿಯುವುದುಂಟು, ನಮ್ಮ ಈ ಬಡಾವಣೆಯ ಹೆಸರೇ ಮೆಹದಿ ನವಾಜ್ ಜಂಗ್ ಅವರದ್ದು. ಅಧಿಕಾರಿಯ ಬೆನ್ನಿಗೆ ನಿಂತವರ ಹೆಸರಿನ ಬೋರ್ಡು ನಾನೆಲ್ಲೂ ನೋಡಿಲ್ಲ.

ಇನ್ನು ನನ್ನದು. ಹಿಂದೆ ಪಾಠ ಮಾಡುತ್ತಿದ್ದ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳ ಹೆಸರುಗಳಿದ್ದವು. ಜೊತೆಯ ಶಿಕ್ಷಕಿ, ನಾವೆಲ್ಲ ಆಪಾ ಅನ್ನುತ್ತಿದ್ದವರು, ದೂರು ಬರೆದು ತಂದು "ಭಾಯಿ, ನೀವೂ ಸಹಿ ಹಾಕ್ತೀರಾ?" ಅಂದರು. ಚಹಾ ತರ್ತೀನಿ ಅಂತ ಎದ್ದು ಹೋದೆ. ತಿರುಗಿ ಬಂದಾಗ ಕಾಗದ ಅವರ ಚೀಲದೊಳಗೆ ಹೋಗಿತ್ತು. ಒಂದೇ ಸಹಿಯ ದೂರು ಮೇಲೆ ಹೋಯಿತು. ಮುಂದಿನ ವರ್ಷ ಆಪಾ ಆ ಶಾಲೆಯಲ್ಲಿರಲಿಲ್ಲ.

ಕಾನೂನು ಇಲ್ಲವೇ ಅಂತ ನೀವು ಕೇಳಬಹುದು. ದುಬೆ ಕೊಲೆಯ ನಂತರ, 2004ರಲ್ಲಿ, ಇಂಥ ದೂರುಗಳನ್ನು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಲಾಯಿತು. ಪ್ರತ್ಯೇಕ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅಂಕಿತ ಬಿದ್ದ ಮೇಲೆ ಜಾರಿಯ ದಿನಾಂಕ ಪ್ರಕಟಿಸಬೇಕು, ಅದನ್ನು ವರ್ಷಗಟ್ಟಲೆ ಪ್ರಕಟಿಸಲೇ ಇಲ್ಲ.

ಹುಡುಗನ ಪ್ರಶ್ನೆ ಹಾಗೇ ಉಳಿದಿದೆ. ಸದ್ಯಕ್ಕೆ ಅವನ ನೋಟ್‌ಬುಕ್ಕಿನಲ್ಲಿ 'ಹಕ್‌ಗೋ' ಅಂತ ಬರೆಸಿ, ಪಕ್ಕದಲ್ಲಿ ಕನ್ನಡಕ್ಕೆ ಜಾಗ ಖಾಲಿ ಬಿಡಿಸಿದ್ದೇನೆ. ನಿಮಗೆ ಒಳ್ಳೆಯ ಪದ ಹೊಳೆದರೆ ಹೇಳಿ.