ನಗೆಯ ಮರೆಯಲ್ಲಿ ದುಃಖ

ಅಮೆರಿಕದ ಹಳೆಯ ಟಿ.ವಿ. ಸಂಸಾರಗಳಲ್ಲಿ ಎಂಥ ತಾಪತ್ರಯವೂ ಅರ್ಧ ಗಂಟೆಯೊಳಗೆ ಬಗೆಹರಿಯುತ್ತಿತ್ತು. 1951ರಲ್ಲಿ ಆರಂಭವಾದ 'ಐ ಲವ್ ಲೂಸಿ' ಹಾಸ್ಯ ಧಾರಾವಾಹಿಯನ್ನು ಪ್ರೇಕ್ಷಕರೆದುರೇ ಚಿತ್ರೀಕರಿಸಲಾಗುತ್ತಿತ್ತು. ಅವರ ನಗೆಯೂ ಕಥೆಯ ಭಾಗವಾಯಿತು.

ಈ ಪರಂಪರೆಗೆ ಮಾರ್ವೆಲ್ ಸಂಸ್ಥೆ ಸಲ್ಲಿಸಿದ ಗೌರವವೇ 2021ರ 'ವಾಂಡಾವಿಷನ್'. ಕಪ್ಪು-ಬಿಳುಪಿನ ಅದರ ಮೊದಲ ಕಂತೂ ಪ್ರೇಕ್ಷಕರೆದುರೇ ಚಿತ್ರೀಕರಣಗೊಂಡಿತು. ನಂತರದ ಹಲವು ಕಂತುಗಳು ಒಂದೊಂದು ದಶಕದ ವೇಷ ತೊಟ್ಟವು.

ಸಂಗಾತಿಯನ್ನು ಕಳೆದುಕೊಂಡ ಅತಿಮಾನುಷ ಶಕ್ತಿಯ ವಾಂಡಾ, ಬಾಲ್ಯದಲ್ಲಿ ಮನೆಯವರೊಡನೆ ನೋಡಿದ್ದ ಇಂಥ ಧಾರಾವಾಹಿಗಳ ಲೋಕವನ್ನೇ ಒಂದು ಊರಿನ ಮೇಲೆ ಹೊದಿಸುತ್ತಾಳೆ. ಆ ಸುಖಸಂಸಾರದ ನಗುವ ನೆರೆಹೊರೆಯವರಲ್ಲಿ ಬಹುತೇಕರು ನಿಜದಲ್ಲಿ ಅವಳ ದುಃಖದ ಸೆರೆಯಾಳುಗಳು. ಅವರನ್ನು ಬಿಡಿಸಬೇಕಾದರೆ ಅವಳು ತಾನೇ ಕಟ್ಟಿದ ಸಂಸಾರವನ್ನು ಇನ್ನೊಮ್ಮೆ ಕಳೆದುಕೊಳ್ಳಲೇಬೇಕು.