ದೇವರ ವಾಕ್ಯಕ್ಕೆ ತೆರೆದ ಹೃದಯ: ಕ್ರೈಸ್ತ ಬದುಕಿನಲ್ಲಿ ‘ಕೇಳುವಿಕೆ’ಯ ಅರ್ಥ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ. ಕಿವಿಗೊಡುವುದು ಒಂದು, ಪ್ರಶ್ನಿಸುವುದು ಇನ್ನೊಂದು, ಹೇಳಿದಂತೆ ನಡೆಯುವುದು ಮೂರನೆಯದು. ‘ಮಗ ಮಾತು ಕೇಳುವುದಿಲ್ಲ’ ಎಂದು ತಾಯಿ ಹೇಳಿದರೆ ಅವನು ಕಿವುಡನೆಂದು ಯಾರೂ ತಿಳಿಯುವುದಿಲ್ಲ. ದೇವರ ವಾಕ್ಯಕ್ಕೆ ಹೃದಯ ತೆರೆಯಬೇಕು ಎಂದು ಕ್ರೈಸ್ತರು ಹೇಳುವಾಗ ಈ ಮೂರು ಅರ್ಥಗಳೂ ಅದರಲ್ಲಿ ಸೇರಿರುತ್ತವೆ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿಯೂ ‘ಶೆಮ’ ಎಂಬ ಪದಕ್ಕೆ ಆಲಿಸುವುದು ಮತ್ತು ವಿಧೇಯನಾಗುವುದು ಎಂಬ ಎರಡೂ ಅರ್ಥಗಳಿವೆ.

‘ಹೃದಯ’ ಎಂಬ ಮಾತನ್ನೂ ಸ್ವಲ್ಪ ವಿವರಿಸಬೇಕಾಗುತ್ತದೆ. ಇಂದಿನ ಬಳಕೆಯಲ್ಲಿ ಹೃದಯವೆಂದರೆ ಭಾವನೆ. ಹೀಬ್ರೂ ಭಾಷೆಯ ‘ಲೇವ್’ ಭಾವನೆಯ ಜೊತೆಗೆ ವಿವೇಚನೆ, ನೆನಪು, ಸಂಕಲ್ಪ ಇವೆಲ್ಲದರ ನೆಲೆ. ಆದುದರಿಂದ ಪ್ರಾರ್ಥನೆಯ ವೇಳೆ ಕಣ್ಣು ತೇವವಾದ ಮಾತ್ರಕ್ಕೆ ಹೃದಯ ತೆರೆಯಿತು ಎನ್ನಲಾಗದು. ಮನುಷ್ಯನ ನಿರ್ಧಾರಗಳು ಹುಟ್ಟುವ ಜಾಗಕ್ಕೆ ವಾಕ್ಯ ತಲುಪಬೇಕು. ಪ್ರವಾದಿ ಯೆಹೆಜ್ಕೇಲನ ಗ್ರಂಥದ 36ನೇ ಅಧ್ಯಾಯದಲ್ಲಿ ದೇವರು ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವ ವಾಗ್ದಾನವಿದೆ.

ಮಣ್ಣಿನ ಸಾಮತಿ

ಈ ವಿಷಯವನ್ನು ಯೇಸು ಬಿತ್ತುವವನ ಸಾಮತಿಯ ಮೂಲಕ ಬೋಧಿಸಿದರು. ಮತ್ತಾಯ, ಮಾರ್ಕ, ಲೂಕ ಈ ಮೂವರ ಶುಭಸಂದೇಶಗಳಲ್ಲೂ ಅದು ದಾಖಲಾಗಿದೆ. ಒಂದೇ ಬೀಜ ಕಾಲುದಾರಿಯಲ್ಲಿ, ಕಲ್ಲುನೆಲದಲ್ಲಿ, ಮುಳ್ಳುಪೊದೆಯಲ್ಲಿ, ಹದವಾದ ಭೂಮಿಯಲ್ಲಿ ಬೀಳುತ್ತದೆ. ಮೊದಲ ಮೂರೂ ಕಡೆ ಬೆಳೆ ಬರುವುದಿಲ್ಲ. ಕೊನೆಯದರಲ್ಲಿ ಮೂವತ್ತು, ಅರವತ್ತು, ನೂರರಷ್ಟು ಫಸಲು ಬರುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಜನರಿಗೆ ಈ ಸಾಮತಿ ಸುಲಭವಾಗಿ ಅರ್ಥವಾಗುವಂತಹುದು. ಜಲಪಾತಕ್ಕೆ ಹೆಸರಾದ ಹೆಬ್ಬೆಯ ಸುತ್ತಲಿನ ಕಾಡು, ಕಾಫಿ ತೋಟಗಳಿಂದ ಇಳಿದು ತರೀಕೆರೆ ದಾಟಿ ಅಜ್ಜಂಪುರ, ಕಡೂರುಗಳ ಬಯಲುಸೀಮೆಗೆ ಬರುವಷ್ಟರಲ್ಲಿ ಮಣ್ಣು, ಮಳೆ, ಬೆಳೆ ಮೂರೂ ಬದಲಾಗಿರುತ್ತವೆ. ಆದರೆ ನೆಲವನ್ನು ಹದಗೊಳಿಸಬಹುದು ಎಂಬುದು ಎರಡೂ ಕಡೆಯ ರೈತರಿಗೆ ಗೊತ್ತು. ಕಲ್ಲು ಆಯಬಹುದು, ಮುಳ್ಳು ಕಡಿಯಬಹುದು. ಕಾಲುದಾರಿಯೂ ಮೂಲತಃ ಹೊಲದ ಮಣ್ಣೇ. ತುಳಿದು ತುಳಿದು ಗಟ್ಟಿಯಾಗಿರುತ್ತದೆ. ಪ್ರತಿ ಭಾನುವಾರವೂ ಅದೇ ವಾಕ್ಯಗಳನ್ನು ಅಭ್ಯಾಸಬಲದಿಂದ ಕೇಳುವ ಭಕ್ತನ ಮನಸ್ಸು ಹೀಗೆಯೇ ಗಟ್ಟಿಯಾಗುವ ಅಪಾಯವಿದೆ.

ಕೇಳಿದವರು ಮೂವರು

ಆಲಿಸುವುದಕ್ಕೆ ಬೈಬಲ್ ನೀಡುವ ನಿದರ್ಶನ ಲಿಡಿಯ. ಥುವತೈರ ಪಟ್ಟಣದ ಈಕೆ ಬೆಲೆಬಾಳುವ ಕೆನ್ನೇರಳೆ ಬಟ್ಟೆಯ ವ್ಯಾಪಾರಿ. ಫಿಲಿಪ್ಪಿಯ ನದೀತೀರದಲ್ಲಿ ಸಂತ ಪೌಲನ ಮಾತಿಗೆ ಕಿವಿಗೊಟ್ಟಾಗ ಪ್ರಭುವೇ ಆಕೆಯ ಹೃದಯವನ್ನು ತೆರೆದನೆಂದು ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯ ತಿಳಿಸುತ್ತದೆ. ಹೃದಯ ತೆರೆಯುವುದು ಮನುಷ್ಯ ಪ್ರಯತ್ನದಿಂದಲೇ ಆಗುವುದಲ್ಲ, ಅದು ದೇವರ ಅನುಗ್ರಹವೂ ಹೌದು ಎಂಬ ಬೋಧನೆಗೆ ಈ ಪ್ರಸಂಗವೇ ಆಧಾರ. ಹೃದಯದ ಬೆನ್ನಲ್ಲೇ ಲಿಡಿಯಳ ಮನೆಯ ಬಾಗಿಲೂ ಅತಿಥಿಗಳಿಗೆ ತೆರೆಯಿತು.

ಪ್ರಶ್ನಿಸುವುದಕ್ಕೆ ನಿದರ್ಶನ ಕನ್ಯಾ ಮರಿಯ. ದೇವದೂತನ ಸಂದೇಶಕ್ಕೆ ಒಪ್ಪಿಗೆ ನೀಡುವ ಮುನ್ನ ಆಕೆ ಇದು ಹೇಗೆ ಸಾಧ್ಯವೆಂದು ಕೇಳಿದಳು. ಅದೇ ಅಧ್ಯಾಯದಲ್ಲಿ ಯಾಜಕ ಜಕರೀಯನೂ ಪ್ರಶ್ನಿಸುತ್ತಾನೆ; ಆದರೆ ಅವನಿಗೆ ಪುರಾವೆ ಬೇಕಾಗಿತ್ತು. ಮರಿಯಳಿಗೆ ಬೇಕಾದುದು ದಾರಿ. ಸಂಶಯಗಳನ್ನು ಅದುಮಿಟ್ಟು ತಲೆಯಾಡಿಸುವುದೇ ಭಕ್ತಿಯೆಂಬ ತಿಳಿವಳಿಕೆಗೆ ಈ ಪ್ರಸಂಗ ಅವಕಾಶ ಕೊಡುವುದಿಲ್ಲ.

ನಡೆದುಕೊಳ್ಳುವುದರ ಬಗ್ಗೆ ಖಂಡಿತವಾಗಿ ಬರೆದವನು ಯಾಕೋಬ. ವಾಕ್ಯವನ್ನು ಕೇಳಿಯೂ ಅದರಂತೆ ನಡೆಯದವನನ್ನು ಅವನು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೊರಟೊಡನೆ ತನ್ನ ರೂಪವನ್ನೇ ಮರೆಯುವವನಿಗೆ ಹೋಲಿಸುತ್ತಾನೆ.

ನಾಡಿನ ನುಡಿಯಲ್ಲಿ

ವಾಕ್ಯ ಹೃದಯ ಮುಟ್ಟಬೇಕಾದರೆ ಮೊದಲು ಅರ್ಥವಾಗುವ ಭಾಷೆಯಲ್ಲಿ ಕಿವಿ ಮುಟ್ಟಬೇಕು. ಕರ್ನಾಟಕದಲ್ಲಿ ಇದಕ್ಕಾಗಿ ದೀರ್ಘಕಾಲ ಶ್ರಮಿಸಲಾಗಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು; ಅದರ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಮುಂದೆ ಆ ಅನುವಾದವನ್ನು ಪರಿಷ್ಕರಿಸುವ ಕೆಲಸದಲ್ಲಿ ತೊಡಗಿದರು. 1894ರ ನಿಘಂಟಿನಿಂದ ಕನ್ನಡಿಗರಿಗೆ ಚಿರಪರಿಚಿತರಾದ ಫರ್ಡಿನಾಂಡ್ ಕಿಟ್ಟೆಲ್ ಅದಕ್ಕೂ ಮುನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಪದ್ಯರೂಪದಲ್ಲಿ ರಚಿಸಿದ್ದರು.

ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಜನಭಾಷೆಗಳಿಗೆ ಬಾಗಿಲು ತೆರೆಯಿತು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದುದು ಅದೇ ವರ್ಷದ ನವೆಂಬರ್ 16ರಂದು. ಹೀಗಾಗಿ ಹೆಚ್ಚುಕಡಿಮೆ ಜನಭಾಷೆಯ ಆರಾಧನೆಯೊಂದಿಗೇ ಅದು ಬೆಳೆದು ಬಂದಿದೆ. 1965ರ ನವೆಂಬರ್ 18ರಂದು ಪ್ರಕಟವಾದ ‘ದೇಯಿ ವೆರ್ಬುಮ್’ ಎಂಬ ಶಾಸನವು ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕೆಂದು ಸಾರಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವರ್ಷದ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಇದು ಸಾಮಾನ್ಯವಾಗಿ ಜನವರಿಯ ಕೊನೆಯ ಭಾಗದಲ್ಲಿ ಬರುತ್ತದೆ.

ಓದು, ಮನನ, ಪ್ರಾರ್ಥನೆ, ಧ್ಯಾನ

ವಾಕ್ಯವನ್ನು ಒಳಗೆ ಇಳಿಸಿಕೊಳ್ಳಲು ಧರ್ಮಸಭೆಯಲ್ಲಿ ಹಳೆಯ ಕ್ರಮವೊಂದಿದೆ. ‘ಲೆಕ್ಸಿಯೊ ದಿವೀನಾ’ ಎಂಬ ಈ ಪದ್ಧತಿಯ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದ ಸನ್ಯಾಸಿ ಎರಡನೆಯ ಗೀಗೊ ವಿವರಿಸಿದ್ದಾನೆ. ಚಿಕ್ಕದೊಂದು ಭಾಗವನ್ನು ನಿಧಾನವಾಗಿ ಓದುವುದು, ಅದನ್ನು ಮನನ ಮಾಡುವುದು, ಅದಕ್ಕೆ ಪ್ರಾರ್ಥನೆಯಲ್ಲಿ ಉತ್ತರ ಕೊಡುವುದು, ಕೊನೆಗೆ ಮೌನವಾಗಿ ದೇವರ ಸನ್ನಿಧಿಯಲ್ಲಿ ನಿಲ್ಲುವುದು. ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲ ಈ ನಾಡಿನವರಿಗೆ ಈ ಕ್ರಮ ಅಪರಿಚಿತವೆನಿಸದು.

ಬಲಿಪೂಜೆಯಲ್ಲಿ ಶುಭಸಂದೇಶ ಓದುವ ಮುನ್ನ ಜನರು ಎದ್ದು ನಿಂತು ಹಣೆ, ತುಟಿ ಮತ್ತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ವಾಕ್ಯ ಬುದ್ಧಿಯಲ್ಲಿರಲಿ, ಮಾತಿನಲ್ಲಿರಲಿ, ಹೃದಯದಲ್ಲಿರಲಿ ಎಂಬುದು ಅದರ ಸಾಮಾನ್ಯ ವಿವರಣೆ.

ತೆರೆದುದರ ಗುರುತು

ಹೃದಯ ನಿಜವಾಗಿ ತೆರೆದಿದೆಯೆಂದು ತಿಳಿಯುವುದು ಹೇಗೆ? ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಒಂದು ಒರೆಗಲ್ಲನ್ನು ಮುಂದಿಡುತ್ತದೆ. ಪ್ರಾರ್ಥನಾ ಸಭೆಗೆ ಚಿನ್ನದುಂಗುರದ ಸಿರಿವಂತ ಬಂದರೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವ ಬಂದರೆ ಕಾಲ ಬಳಿ ಜಾಗ ತೋರಿಸುವುದು ಅನ್ಯಾಯವೆಂದು ಅವನು ಖಂಡಿಸುತ್ತಾನೆ. ಐದನೆಯ ಅಧ್ಯಾಯದಲ್ಲಿ, ಕೊಯ್ಲುಗಾರರಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಮೊರೆ ದೇವರ ಕಿವಿಗೆ ಮುಟ್ಟಿದೆ ಎನ್ನುತ್ತಾನೆ.

ತೋಟದ ಒಡೆಯನೂ ಅದೇ ತೋಟದಲ್ಲಿ ಹಣ್ಣು ಕೀಳುವ ಕೂಲಿಯವಳೂ ಒಂದೇ ದೇವಾಲಯದಲ್ಲಿ ಒಂದೇ ವಾಕ್ಯವನ್ನು ಕೇಳಬಹುದಾದ ಮಲೆನಾಡಿನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಭಾನುವಾರ ಕೇಳಿದ ವಾಕ್ಯ ಸೋಮವಾರದ ಕೂಲಿಯ ಲೆಕ್ಕದಲ್ಲಿ, ಕಾಯಿಲೆ ಬಿದ್ದ ಆಳಿನ ಆರೈಕೆಯಲ್ಲಿ, ನೆರೆಯವನೊಡನೆ ಇರುವ ಬೇಲಿಯ ತಗಾದೆಯಲ್ಲಿ ಕಾಣಿಸಿಕೊಳ್ಳಬೇಕು. ಶುಭಸಂದೇಶಗಳಲ್ಲಿ ಯೇಸುವಿನಿಂದ ಅತಿ ಕಠಿಣ ಮಾತು ಕೇಳಿಸಿಕೊಂಡವರು ಧರ್ಮಗ್ರಂಥ ತಿಳಿಯದವರಲ್ಲ. ಅದನ್ನು ಚೆನ್ನಾಗಿ ಬಲ್ಲವರಾಗಿದ್ದೂ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಬಿಟ್ಟು ಹೋಗುವಂಥವರು.