ಟ್ವೀಡ್ ಕೋಟು: ಗುಣಗಳೇ ದೋಷಗಳಾದ ಕತೆ

ಹಳೆಯ ಇಂಗ್ಲಿಷ್ ಚಲನಚಿತ್ರಗಳಲ್ಲಿ ಬರುವ ಪ್ರಾಧ್ಯಾಪಕರನ್ನು ನೀವು ನೋಡಿರಬಹುದು. ಕಂದು ಇಲ್ಲವೆ ಬೂದು ಬಣ್ಣದ, ದಪ್ಪನೆಯ, ಸ್ವಲ್ಪ ಒರಟಾಗಿ ಕಾಣುವ ಕೋಟು. ಅದರ ಮೊಣಕೈಗಳ ಮೇಲೆ ಚರ್ಮದ ತೇಪೆ. ಆ ಕೋಟಿನ ಬಟ್ಟೆಯೇ ಟ್ವೀಡ್. ತೇಪೆ ಈಗ ಬರೀ ಅಲಂಕಾರ. ಹಿಂದೆ ಅದು ಅಗತ್ಯವಾಗಿತ್ತು. ಬಟ್ಟೆ ಹಲವು ವರ್ಷ ಬಾಳುತ್ತಿತ್ತು; ಮೇಜಿಗೆ ಒರಗುವ ಮೊಣಕೈ ಭಾಗ ಮಾತ್ರ ಮೊದಲು ಸವೆಯುತ್ತಿತ್ತು. ಅಲ್ಲಿಗೊಂದು ತೇಪೆ ಹಾಕಿದರೆ ಕೋಟು ಮತ್ತೆ ಕೆಲಸಕ್ಕೆ ಸಿದ್ಧ.

ಇಷ್ಟು ಗಟ್ಟಿಯಾದ, ಇಷ್ಟು ಜನ ಮೆಚ್ಚಿದ ಬಟ್ಟೆ 20ನೆಯ ಶತಮಾನದ ಕೊನೆಯ ಹೊತ್ತಿಗೆ ಏಕೆ ಮೂಲೆಗುಂಪಾಯಿತು? ಮೂಲೆಗುಂಪಾದರೂ ಏಕೆ ಅಳಿದುಹೋಗಲಿಲ್ಲ? ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಉಣ್ಣೆಯ ಎಳೆಯಲ್ಲಿದೆ. ಎರಡನೆಯದಕ್ಕೆ ಉತ್ತರ ಒಂದು ಕಾನೂನಿನಲ್ಲಿದೆ.

ಹೆಸರು ಬಂದ ಬಗೆ

ಟ್ವೀಡ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಆಡುಮಾತಿನಲ್ಲಿ ಇದಕ್ಕೆ ‘ಟ್ವೀಲ್’ ಎಂಬ ಹೆಸರಿತ್ತು. ಟ್ವೀಲ್ ಎಂದರೆ ಟ್ವಿಲ್ ನೇಯ್ಗೆಯ ಬಟ್ಟೆ. 1830ರ ಸುಮಾರಿಗೆ ಲಂಡನ್ನಿನ ವ್ಯಾಪಾರಿಯೊಬ್ಬ ಕಾಗದದಲ್ಲಿದ್ದ ಈ ಪದವನ್ನು ತಪ್ಪಾಗಿ ಓದಿ, ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ ಹರಿಯುವ ಟ್ವೀಡ್ ನದಿಯ ಹೆಸರೇ ಇರಬೇಕೆಂದು ಭಾವಿಸಿದನಂತೆ. ಆ ಹೆಸರೇ ನಿಂತಿತೆಂಬುದು ಪ್ರಚಲಿತ ಕತೆ.

ಟ್ವಿಲ್ ನೇಯ್ಗೆಯಲ್ಲಿ ಹೊಕ್ಕಿನ ನೂಲು ಹಾಸಿನ ಎರಡು ನೂಲುಗಳ ಮೇಲೆ, ಎರಡರ ಕೆಳಗೆ ಹಾಯುತ್ತದೆ. ಮುಂದಿನ ಸಾಲಿನಲ್ಲಿ ಈ ಕ್ರಮ ಒಂದು ನೂಲಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಹೀಗಾಗಿ ಬಟ್ಟೆಯ ಮೇಲೆ ಓರೆಗೆರೆಗಳು ಮೂಡುತ್ತವೆ. ನಿಮ್ಮ ಜೀನ್ಸ್ ಬಟ್ಟೆಯನ್ನು ಹತ್ತಿರದಿಂದ ನೋಡಿ, ಅಲ್ಲಿಯೂ ಓರೆಗೆರೆಗಳಿವೆ. ಸಾದಾ ನೇಯ್ಗೆಗಿಂತ ಇದರಲ್ಲಿ ನೂಲುಗಳನ್ನು ಹೆಚ್ಚು ಒತ್ತಾಗಿ ಕೂರಿಸಬಹುದು. ಬಟ್ಟೆ ದಪ್ಪವಾಗುತ್ತದೆ, ಆದರೂ ಬಳುಕುತ್ತದೆ. ಓರೆಗೆರೆಯ ದಿಕ್ಕನ್ನು ನಿಯತವಾಗಿ ತಿರುಗಿಸುತ್ತ ಹೋದರೆ ಮೀನಿನ ಮುಳ್ಳಿನಂಥ ವಿನ್ಯಾಸ ದೊರೆಯುತ್ತದೆ.

19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆ ಬೇಟೆ ಸಿರಿವಂತರ ಹವ್ಯಾಸವಾಯಿತು. ಬೇಟೆಗಾರ ಸುತ್ತಣ ನೆಲದ ಬಣ್ಣದಲ್ಲಿ ಬೆರೆತುಹೋಗಬೇಕು. ಆದ್ದರಿಂದ ಒಂದೊಂದು ಜಹಗೀರು ತನ್ನ ನೆಲಕ್ಕೆ ಹೊಂದುವ ಟ್ವೀಡ್ ಮಾಡಿಸಿಕೊಂಡಿತು. ವಿಕ್ಟೋರಿಯ ರಾಣಿಯ ಪತಿ ಆಲ್ಬರ್ಟ್ 1853ರಲ್ಲಿ ಬಾಲ್ಮೋರಲ್ ಜಹಗೀರಿಗೆ ರೂಪಿಸಿದ ಟ್ವೀಡ್, ಅಲ್ಲಿನ ಗ್ರಾನೈಟ್ ಬಂಡೆಯ ಬೂದು ಬಣ್ಣವನ್ನು ಹೋಲುತ್ತದೆ. ಸೈನ್ಯಗಳು ಮರೆಮಾಚುವ ಬಣ್ಣದ ಸಮವಸ್ತ್ರವನ್ನು ವ್ಯಾಪಕವಾಗಿ ಒಪ್ಪುವ ಮೊದಲೇ ಬೇಟೆಗಾರರು ಆ ತತ್ತ್ವವನ್ನು ಬಳಸಿದ್ದರು.

ದ್ವೀಪದ ‘ದೊಡ್ಡ ಬಟ್ಟೆ’

ಟ್ವೀಡ್‌ಗಳಲ್ಲೆಲ್ಲ ಹೆಸರಾದದ್ದು ಹ್ಯಾರಿಸ್ ಟ್ವೀಡ್. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಹೊರ ಹೆಬ್ರಿಡೀಸ್ ದ್ವೀಪಸ್ತೋಮವಿದೆ. ಗಾಳಿ, ಮಳೆ ಇಲ್ಲಿ ನಿತ್ಯದ ಅತಿಥಿಗಳು. ಹ್ಯಾರಿಸ್ ಮತ್ತು ಲೂಯಿಸ್ ಇಲ್ಲಿನ ಪ್ರಮುಖ ಭಾಗಗಳು. ಜನ ತಮ್ಮ ಗೇಲಿಕ್ ಭಾಷೆಯಲ್ಲಿ ಈ ಬಟ್ಟೆಯನ್ನು ‘ಕ್ಲೊ ಮೋರ್’, ಅಂದರೆ ‘ದೊಡ್ಡ ಬಟ್ಟೆ’ ಎಂದು ಕರೆಯುತ್ತಾರೆ.

ಮೊದಲು ಅದು ಮನೆಬಳಕೆಯ ಬಟ್ಟೆ. ಕುರಿಯ ಉಣ್ಣೆಯನ್ನು ಮನೆಯಲ್ಲೇ ತೊಳೆದು, ಬಣ್ಣ ಹಾಕಿ, ನೂತು, ನೇಯುತ್ತಿದ್ದರು. ಬಂಡೆಗಳ ಮೇಲೆ ಬೆಳೆಯುವ ‘ಕ್ರೊಟಲ್’ ಎಂಬ ಕಲ್ಲುಹೂವನ್ನು ಕೆರೆದು ತಂದು ಕುದಿಸಿದರೆ ಕೆಂಗಂದು ಬಣ್ಣ ಸಿಗುತ್ತಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಬೆಸ್ತರು ಕ್ರೊಟಲ್ ಬಣ್ಣದ ಉಡುಪು ತೊಟ್ಟು ಕಡಲಿಗೆ ಇಳಿಯುತ್ತಿರಲಿಲ್ಲ. ಬಂಡೆಯಿಂದ ಬಂದದ್ದು ಬಂಡೆಗೇ ಮರಳುತ್ತದೆ, ಅದನ್ನು ತೊಟ್ಟವನು ಮುಳುಗುತ್ತಾನೆ ಎಂಬುದು ಅವರ ನಂಬಿಕೆಯಾಗಿತ್ತು.

ನೇಯ್ದ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸುತ್ತಿದ್ದರು. ನಗಬೇಡಿ, ಇದು ಒಳ್ಳೆಯ ರಸಾಯನ ವಿಜ್ಞಾನ. ಮೂತ್ರದಲ್ಲಿನ ಯೂರಿಯವನ್ನು ಬ್ಯಾಕ್ಟೀರಿಯಗಳು ಅಮೋನಿಯವಾಗಿ ಒಡೆಯುತ್ತವೆ. ಈ ಕ್ಷಾರ ಉಣ್ಣೆಯಲ್ಲಿನ ಜಿಡ್ಡನ್ನು ಸಡಿಲಿಸುತ್ತದೆ. ಅನಂತರ ಹೆಂಗಸರು ಹಲಗೆಯ ಸುತ್ತ ಕುಳಿತು, ಹಾಡಿನ ಲಯಕ್ಕೆ ತಕ್ಕಂತೆ ಒದ್ದೆ ಬಟ್ಟೆಯನ್ನು ಬಡಿದು ಕುಗ್ಗಿಸುತ್ತಿದ್ದರು.

1846ರಲ್ಲಿ ಜಹಗೀರಿನ ಒಡತಿ, ಡನ್ಮೋರ್ ಕೌಂಟೆಸ್ ಕ್ಯಾಥರೀನ್ ಮರೆ, ತಮ್ಮ ಮನೆತನದ ವಿನ್ಯಾಸವನ್ನು ಇಲ್ಲಿನ ನೇಕಾರರಿಂದ ಟ್ವೀಡ್‌ನಲ್ಲಿ ನೇಯಿಸಿದರು. ಆ ವರ್ಷ ಸ್ಕಾಟ್ಲೆಂಡಿನ ಬೆಟ್ಟ ಮತ್ತು ದ್ವೀಪಗಳಲ್ಲಿ ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿದ್ದು ಬರ ಕಾಡಿತ್ತು. ಬಟ್ಟೆ ಚೆನ್ನಾಗಿ ಬಂದದ್ದನ್ನು ಕಂಡ ಅವರು ತಮ್ಮ ಶ್ರೀಮಂತ ಬಳಗದಲ್ಲಿ ಅದಕ್ಕೆ ಗಿರಾಕಿಗಳನ್ನು ಹುಡುಕಿದರು. ಹೀಗೆ ರೈತನ ಬಟ್ಟೆ ಸಿರಿವಂತನ ಕೋಟಾಯಿತು. ದ್ವೀಪಕ್ಕೆ ಒಂದು ಜೀವನೋಪಾಯ ದೊರೆಯಿತು.

ಎಳೆಯೊಳಗೆ ಏನಿದೆ?

ಉಣ್ಣೆ ನಮ್ಮ ಕೂದಲಿನಂತೆ ಕೆರಟಿನ್ ಎಂಬ ಪ್ರೋಟೀನು. ಎಳೆಯ ಮೈಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿವೆ. ಅವುಗಳ ತುದಿ ಎಳೆಯ ತುದಿಯತ್ತ ಚಾಚಿದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. ಉದ್ದನೆಯ ತಲೆಗೂದಲೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಕೂದಲಿನ ಉದ್ದಕ್ಕೆ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ. ಕೂದಲು ಒಂದೇ ದಿಕ್ಕಿಗೆ, ಬುಡ ಮುಂದಾಗಿ, ಸರಿಯುತ್ತದೆ. ಒದ್ದೆ ಉಣ್ಣೆ ಬಟ್ಟೆಯನ್ನು ಬಡಿದಾಗಲೂ ಇದೇ ಆಗುತ್ತದೆ. ಎಳೆಗಳು ಮುಂದೆ ಸರಿದು, ಹಿಂದೆ ಬರಲಾರದೆ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಟ್ಟೆ ಒತ್ತಾಗಿ ಗಾಳಿಯನ್ನು ತಡೆಯುತ್ತದೆ.

ಉಣ್ಣೆಯ ಎಳೆ ಸಹಜವಾಗಿಯೇ ಸುರುಳಿ ಸುರುಳಿಯಾಗಿರುತ್ತದೆ. ಸುರುಳಿಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಶ್ಚಲ ಗಾಳಿ ಉಷ್ಣದ ಅವಾಹಕ. ಮೈಯನ್ನು ಬೆಚ್ಚಗಿಡುವುದು ಹೆಚ್ಚಾಗಿ ಈ ಗಾಳಿಯೇ.

ಎಳೆಯ ಹೊರಮೈಯಲ್ಲಿ ಮೇದಸ್ಸಿನ ತೆಳು ಪದರವಿರುವುದರಿಂದ ತುಂತುರು ಮಳೆಯ ಹನಿ ಉರುಳಿಹೋಗುತ್ತದೆ. ಆದರೆ ಒಳಭಾಗ ನೀರಾವಿಯನ್ನು ಹೀರುತ್ತದೆ. ತನ್ನ ಒಣತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿದರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸದು. ಹೀರುವಾಗ ಶಾಖವೂ ಬಿಡುಗಡೆಯಾಗುತ್ತದೆ. ಬೆಚ್ಚನೆಯ ಮನೆಯಿಂದ ತೇವದ ಚಳಿಗೆ ಹೊರಬಿದ್ದವನಿಗೆ ಕೋಟು ಆ ಹೊತ್ತಿಗೆ ಸ್ವಲ್ಪ ಹೆಚ್ಚುವರಿ ಬಿಸಿ ಕೊಡುತ್ತದೆ.

ಟ್ವೀಡ್ ಕೋಟನ್ನು ರಾತ್ರಿ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಸುಕ್ಕುಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಏಕೆ? 1930ರ ದಶಕದಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ಆಸ್ಟ್‌ಬರಿ ಉಣ್ಣೆಯ ಎಳೆಗಳ ಮೇಲೆ ಎಕ್ಸ್ ಕಿರಣ ಹಾಯಿಸಿದರು. ಎಳೆದಾಗ ಒಂದು ಚಿತ್ರ, ಎಳೆಯದಿದ್ದಾಗ ಇನ್ನೊಂದು ಚಿತ್ರ ಬಂತು. ಪ್ರೋಟೀನಿನ ಸರಪಣಿ ಮಡಚಿಕೊಂಡಿದ್ದು, ಎಳೆದಾಗ ಬಿಚ್ಚಿಕೊಳ್ಳುತ್ತದೆ ಎಂದು ಅವರು ಊಹಿಸಿದರು. 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಆ ಮಡಿಕೆ ಸ್ಪ್ರಿಂಗಿನಂಥ ಆಲ್ಫಾ ಸುರುಳಿ ಎಂದು ತೋರಿಸಿದರು. ಅದೇ ಲೀಡ್ಸ್‌ನ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಉಣ್ಣೆಯ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಹೊರಟು, 1941ರಲ್ಲಿ ವಿಭಜನ ಕ್ರೊಮಟೋಗ್ರಫಿಯನ್ನು ಪ್ರಕಟಿಸಿದರು. 1952ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಕೋಟಿನ ಬಟ್ಟೆಯನ್ನು ಅರಿಯುವ ಪ್ರಯತ್ನ ಜೀವರಸಾಯನ ವಿಜ್ಞಾನಕ್ಕೆ ಇಷ್ಟು ದೊಡ್ಡ ಕೊಡುಗೆಯನ್ನಿತ್ತಿತು!

ದೂರುಗಳ ಪಟ್ಟಿ

ಈಗ ನಾಣ್ಯದ ಇನ್ನೊಂದು ಮುಖ ನೋಡೋಣ.

ಹುರುಪೆಗಳು ಬಟ್ಟೆಯನ್ನು ಬಿಗಿಗೊಳಿಸುತ್ತವೆ, ನಿಜ. ಆದರೆ ಸಿದ್ಧವಾದ ಕೋಟನ್ನು ಬಿಸಿನೀರಿನಲ್ಲಿ ಹಾಕಿ ಕುಕ್ಕಿದರೆ ಅದೇ ಕ್ರಿಯೆ ಮುಂದುವರಿದು ಅಪ್ಪನ ಕೋಟು ಮಗನ ಅಳತೆಗೆ ಇಳಿಯುತ್ತದೆ! ಆದ್ದರಿಂದಲೇ ಅದಕ್ಕೆ ನೀರಿಲ್ಲದ ಡ್ರೈ ಕ್ಲೀನಿಂಗ್ ಬೇಕು.

ಗಾಳಿ ಹಿಡಿದಿಡಲು ಬಟ್ಟೆ ದಪ್ಪವಾಗಿರಬೇಕು. ದಪ್ಪವಾದರೆ ತೂಕ ಹೆಚ್ಚು. ಸಾಂಪ್ರದಾಯಿಕ ಟ್ವೀಡ್ ಭಾರವಾದ ಬಟ್ಟೆ. ತೇವ ಹೀರುವ ಗುಣ ತುಂತುರಿನಲ್ಲಿ ವರ, ಜಡಿಮಳೆಯಲ್ಲಿ ಶಾಪ. ಕೋಟು ನೀರು ಕುಡಿದು ಭಾರವಾಗುತ್ತದೆ, ಒಣಗಲು ಬಹಳ ಹೊತ್ತು ಬೇಕು. ಮಳೆಯಲ್ಲಿ ತೊಯ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡವರಿಗೆ ಆ ಭಾರ ಮತ್ತು ವಾಸನೆ ಎರಡೂ ಗೊತ್ತು.

ಬಾಳಿಕೆಗಾಗಿ ಆಯ್ದ ಉಣ್ಣೆ ಒರಟು. ನವುರಾದ ಮೆರಿನೊ ಎಳೆಯ ವ್ಯಾಸ 20 ಮೈಕ್ರಾನಿನ ಆಸುಪಾಸು. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ತಗುಲಿದಾಗ ಬಾಗದೆ ಚುಚ್ಚುತ್ತದೆ. ನೋವಿನ ನರಾಗ್ರಗಳು ಇದಕ್ಕೆ ಸ್ಪಂದಿಸುತ್ತವೆ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದರು. ಟ್ವೀಡ್ ಕೋಟಿಗೆ ಅಸ್ತರಿ ಬೇಕಾದದ್ದಕ್ಕೆ ಇದೂ ಒಂದು ಕಾರಣ.

ಇನ್ನು ನುಸಿ. ಬಟ್ಟೆ ನುಸಿಯ ಪತಂಗ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಕೆರಟಿನ್‌ಗೆ ಗಟ್ಟಿತನ ಕೊಡುವ ಡೈಸಲ್ಫೈಡ್ ಬಂಧಗಳನ್ನು ಮುರಿದು ಜೀರ್ಣಿಸಿಕೊಳ್ಳುವ ಸಾಮರ್ಥ್ಯ ಈ ಹುಳುವಿನ ಕರುಳಿಗಿದೆ. ಹತ್ತಾರು ವರ್ಷ ಬಾಳಬೇಕಾದ ಕೋಟು ಮುಚ್ಚಿದ ಕಪಾಟಿನಲ್ಲಿ ಒಂದೆರಡು ಋತುಗಳಲ್ಲೇ ತೂತಾಗಬಹುದು.

ಆದರೆ ಟ್ವೀಡ್‌ಗೆ ದೊಡ್ಡ ಪೆಟ್ಟು ಕೊಟ್ಟದ್ದು ಬದಲಾದ ಬದುಕು. ಯೂರೋಪಿನ ಮನೆ, ಕಛೇರಿ, ಕಾರುಗಳೆಲ್ಲ ಬೆಚ್ಚಗಾದವು. ಒಲೆಯ ಬಳಿ ಮಾತ್ರ ಬಿಸಿಯಿದ್ದ ಕೋಣೆಗೆಂದು ಹೊಲಿದ ಕೋಟು, ಎಲ್ಲೆಡೆ ಒಂದೇ ಸಮನೆ ಬಿಸಿಯಿರುವ ಕೋಣೆಯಲ್ಲಿ ಬೆವರಿಳಿಸತೊಡಗಿತು. ಹೊರಗಿನ ಮಳೆಗೆ ಹಗುರವಾದ ಕೃತಕ ತಂತುಗಳ ಉಡುಪು ಬಂದಿತು.

ಕಾನೂನಿನ ಆಸರೆ

1966ರಲ್ಲಿ ಹ್ಯಾರಿಸ್ ಟ್ವೀಡ್ ಉತ್ಪಾದನೆ 76 ಲಕ್ಷ ಗಜಗಳನ್ನು, ಅಂದರೆ ಸುಮಾರು 70 ಲಕ್ಷ ಮೀಟರುಗಳನ್ನು ಮುಟ್ಟಿತ್ತು. ಅನಂತರದ ದಶಕಗಳಲ್ಲಿ ಅದು ಕುಸಿಯಿತು. ಹಳೆಯ ಮಗ್ಗದ ಬಟ್ಟೆ 75 ಸೆಂಟಿಮೀಟರ್ ಅಗಲ ಮಾತ್ರ. ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಅದರ ಎರಡರಷ್ಟು ಅಗಲ ಬೇಕಿತ್ತು. 1990ರ ದಶಕದಲ್ಲಿ ಅಗಲದ ಮಗ್ಗಗಳು ಬಂದವು. ಅವನ್ನೂ ಸೈಕಲ್ಲಿನಂತೆ ಕಾಲಿನಿಂದಲೇ ತುಳಿದು ನಡೆಸಬೇಕು, ವಿದ್ಯುತ್ತು ಸಲ್ಲದು.

ಈ ಕಟ್ಟಳೆಯ ಹಿಂದೆ ಒಂದು ಚರಿತ್ರೆ ಇದೆ. ಗಿರಣಿಯ ಬಟ್ಟೆ ಹ್ಯಾರಿಸ್ ಹೆಸರಿನಲ್ಲಿ ಮಾರಾಟವಾಗುವುದನ್ನು ತಡೆಯಲು 1909ರಲ್ಲಿ ಒಂದು ಸಂಘ ಹುಟ್ಟಿತು. ಗೋಳದ ಮೇಲೆ ಶಿಲುಬೆಯಿರುವ ಅದರ ಮುದ್ರೆಯನ್ನು 1911ರಿಂದ ಬಟ್ಟೆಗೆ ಒತ್ತಲಾಗುತ್ತಿದೆ. 1934ರಲ್ಲಿ ದ್ವೀಪದ ಗಿರಣಿಯಲ್ಲಿ ನೂತ ನೂಲಿಗೆ ಒಪ್ಪಿಗೆ ಸಿಕ್ಕಿತು. ನೇಯ್ಗೆ ಮಾತ್ರ ಮನೆಯಲ್ಲೇ ಉಳಿಯಿತು. 1993ರಲ್ಲಿ ಬ್ರಿಟಿಷ್ ಸಂಸತ್ತು ಇದನ್ನು ಶಾಸನ ಮಾಡಿತು. ಹೊಸ ಉಣ್ಣೆಗೆ ದ್ವೀಪದಲ್ಲೇ ಬಣ್ಣ ಹಾಕಿ ನೂತು, ದ್ವೀಪವಾಸಿಗಳು ತಮ್ಮ ಮನೆಯಲ್ಲಿ ಕೈಮಗ್ಗದಲ್ಲಿ ನೇಯ್ದು, ಅಲ್ಲಿಯೇ ಕೊನೆಯ ಸಂಸ್ಕಾರ ಮಾಡಿದ್ದು ಮಾತ್ರ ಹ್ಯಾರಿಸ್ ಟ್ವೀಡ್. ನಮ್ಮ ಇಳಕಲ್ ಸೀರೆಗೆ ಇರುವ ಭೌಗೋಳಿಕ ಸೂಚಕದ ಹಿಂದೆಯೂ ಇಂಥದೇ ಆಶಯವಿದೆ.

ಕಾನೂನು ಹೆಸರನ್ನು ಕಾಯಬಲ್ಲದು, ಗಿರಾಕಿಯನ್ನು ತರಲಾರದು. 2006ರಲ್ಲಿ ದ್ವೀಪದ ಅತಿ ದೊಡ್ಡ ಗಿರಣಿಯನ್ನು ಕೊಂಡ ಉದ್ಯಮಿ ಸಾವಿರಾರು ವಿನ್ಯಾಸಗಳಲ್ಲಿ ನಾಲ್ಕನ್ನಷ್ಟೇ ಉಳಿಸಿಕೊಂಡಾಗ ಎಷ್ಟೋ ನೇಕಾರರ ಮಗ್ಗಗಳು ನಿಂತವು. 2007ರ ಕೊನೆಗೆ ಶಾಬೊಸ್ಟ್ ಎಂಬ ಹಳ್ಳಿಯ ಮುಚ್ಚಿದ ಗಿರಣಿ ಮತ್ತೆ ತೆರೆದು ವೈವಿಧ್ಯವನ್ನು ಮರಳಿ ತಂದಿತು. ಕೋಟಿಗಷ್ಟೇ ಅಲ್ಲದೆ ಚೀಲ, ಪಾದರಕ್ಷೆ, ಪೀಠೋಪಕರಣಗಳಿಗೂ ಟ್ವೀಡ್ ಬಳಕೆಗೆ ಬಂತು.

ಹಾಗಾದರೆ ಟ್ವೀಡ್ ಕೋಟು ಒಳ್ಳೆಯದೋ ಕೆಟ್ಟದ್ದೋ? ಪ್ರಶ್ನೆಯೇ ಅಪೂರ್ಣ. ಯಾವ ಹವೆಗೆ, ಯಾವ ಕೆಲಸಕ್ಕೆ, ಎಂಥ ಮನೆಗೆ ಎಂದು ಸೇರಿಸಿ ಕೇಳಬೇಕು. ವಸ್ತುವಿನ ಗುಣ ಬದಲಾಗಲಿಲ್ಲ. ಅದರ ಸುತ್ತಣ ಪ್ರಪಂಚ ಬದಲಾಯಿತು. ನಮ್ಮ ಅಟ್ಟದ ಮೇಲೆ ಮಡಚಿಟ್ಟ ಕಂಬಳಿಯನ್ನು ‘ಹಳತು’ ಎಂದು ತಳ್ಳುವ ಮೊದಲು, ಅದು ಯಾವ ಮಳೆಗೆ ಉತ್ತರವಾಗಿತ್ತು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.